ಎಂಟಕ್ಕೆ ಒಂದು

ಒಂದು ಕಿಲೋ ರೇಷ್ಮೆನೂಲಿಗೆ ಎಷ್ಟು ಕಿಲೋ ಗೂಡು ಬೇಕು? ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಬರುವ ನೂಲು ಬಿಚ್ಚಾಣಿಕೆದಾರನು ಹರಾಜಿನಲ್ಲಿ ಬೆಲೆ ಹೇಳುವ ಮುನ್ನ ತನ್ನೊಳಗೇ ಕೇಳಿಕೊಳ್ಳುವ ಪ್ರಶ್ನೆ ಇದು. ಉತ್ತರವಾಗಿ ಬರುವ ಅಂಕಿಗೆ ಆ ಕಸುಬಿನಲ್ಲಿ 'ರೆಂಡಿಟ್ಟ' ಎಂದು ಹೆಸರು. ನಮ್ಮ ಮಾಧ್ಯಮಿಕ ಶಾಲೆಯ ಹುಡುಗನು ಇದನ್ನೇ 'ಅನುಪಾತ' ಎಂಬ ಪಾಠದಲ್ಲಿ ಕಲಿಯುತ್ತಾನೆ.

ಈ ಪಾಠ ಕನ್ನಡನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ ತ್ರೈರಾಶಿಕದ ವಿವರಣೆಯಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದು ಆ ವಿದ್ಯೆಯನ್ನು ಕನ್ನಡದಲ್ಲಿ ಹೇಳಿದನು. ಪುಸ್ತಕದ ಹೆಸರಿನಲ್ಲಿಯೇ ವ್ಯವಹಾರವಿದೆ. ಆತನ ಕಣ್ಣು ಪಂಡಿತರ ಗೋಷ್ಠಿಗಿಂತ ಅಂಗಡಿಯ ಕಡೆಗೇ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ. ವಿಧಾನವೂ ಸರಳ: ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸುವುದು. 8 ಕಿಲೋ ಗೂಡು ಪ್ರಮಾಣ, 1 ಕಿಲೋ ನೂಲು ಫಲ. 60 ಕಿಲೋ ಗೂಡು ಇಚ್ಛೆಯಾದರೆ ಏಳೂವರೆ ಕಿಲೋ ನೂಲು ಬರುತ್ತದೆ. ಕೂಲಿಮಠದಲ್ಲಿ ಮಗ್ಗಿ ಒಪ್ಪಿಸಿದ ಹುಡುಗನಿಗೆ ಇದೇನೂ ಕಷ್ಟವಲ್ಲ.

ಕಷ್ಟವಿರುವುದು ಆ ಎಂಟರಲ್ಲಿ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಕಸುಬು ಮುಂದೆ ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಿಪ್ಪುನೇರಳೆ ತೋಟಗಳಲ್ಲಿ ನೆಲೆಯೂರಿತು. ಅಲ್ಲಿಂದ ಬರುವ ಗೂಡೆಲ್ಲ ಒಂದೇ ಬಗೆಯದಲ್ಲ. ಹಳೆಯ ಮೈಸೂರು ತಳಿಯದಾದರೆ ಕಿಲೋ ನೂಲಿಗೆ ಹತ್ತು ಕಿಲೋ ಮೀರುವುದುಂಟು. ಬಿಳಿಯ ದ್ವಿತಳಿ ಗೂಡಿಗೆ ಆರೇಳು ಸಾಕಾಗಬಹುದು. ಮಿಶ್ರತಳಿ ಇವೆರಡರ ನಡುವೆ. ಥಂಡಿಯಲ್ಲಿ ಕಟ್ಟಿದ ಗೂಡಾದರೆ ಎಳೆ ಪದೇ ಪದೇ ಕಡಿದು ಲೆಕ್ಕ ಇನ್ನಷ್ಟು ಕೆಡುತ್ತದೆ. ಶಾಲೆಯ ಪುಸ್ತಕದಲ್ಲಿ ಪ್ರಮಾಣವನ್ನು ಅಚ್ಚು ಹಾಕಿಯೇ ಕೊಟ್ಟಿರುತ್ತಾರೆ. ಇಲ್ಲಿಯಾದರೋ ಗೂಡನ್ನು ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಅದನ್ನು ಊಹಿಸಬೇಕು.

ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ಹಿಡಿಯೋಣ. ನೂಲಿನ ಬೆಲೆ ಕಿಲೋಗೆ 4,000 ರೂಪಾಯಿ. ಸೌದೆ, ಕೂಲಿ ಮೊದಲಾದ ಖರ್ಚು 800. ಚಿಂದಿ ರೇಷ್ಮೆಯಿಂದ ಬರುವ ಚಿಲ್ಲರೆಯನ್ನು ಬಿಟ್ಟುಬಿಡೋಣ. ಉಳಿದ 3,200ನ್ನು 8ರಿಂದ ಭಾಗಿಸಿದರೆ ಕಿಲೋ ಗೂಡಿಗೆ 400 ಕೊಡಬಹುದು. ಆಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆ ಬೆಲೆಗೆ 100 ಕಿಲೋ ಹಿಡಿದು ಮನೆಗೊಯ್ದು ಬಿಸಿನೀರಿಗೆ ಹಾಕಿದ ಮೇಲೆ ಅನುಪಾತ ಹತ್ತೆಂದು ತಿಳಿದರೆ? ಬಂದದ್ದು 10 ಕಿಲೋ ನೂಲು, 40,000 ರೂಪಾಯಿ. ಗೂಡಿಗೆ ಕೊಟ್ಟದ್ದೇ 40,000. ಖರ್ಚಿನ 8,000 ಕೈಬಿಟ್ಟು ಹೋಯಿತು.

ಅನುಪಾತ ಏರಿದಂತೆ ಗೂಡಿನ ಬೆಲೆ ಇಳಿಯಬೇಕು, ಹತ್ತಾದರೆ 320. ರಾಜಾದಿತ್ಯನು ವ್ಯಸ್ತತ್ರೈರಾಶಿ ಎಂದು ಬೇರೆಯಾಗಿ ಹೇಳಿದ್ದು ಇಂಥ ಲೆಕ್ಕವನ್ನೇ. ಹುಡುಗರು ಸಾಮಾನ್ಯವಾಗಿ ಎಡವುವುದೂ ಇಲ್ಲಿಯೇ: ಒಂದು ಏರಿದರೆ ಇನ್ನೊಂದೂ ಏರಬೇಕೆಂದು ಗುಣಿಸಿಬಿಡುತ್ತಾರೆ.

ಇನ್ನು ರೈತನ ಕಡೆಯಿಂದ ನೋಡಿ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ನಿದ್ದೆಗೆಟ್ಟು, ಏಳರ ಅನುಪಾತದ ಗೂಡನ್ನು ತಂದವನಿಗೆ ಕಿಲೋಗೆ 457 ರೂಪಾಯಿಯವರೆಗೂ ಸಲ್ಲಬಹುದು. ಕೊಳ್ಳುವವನ ಬೆರಳು ಅದನ್ನು ಎಂಟೆಂದು ಎಣಿಸಿದರೆ ಸಿಗುವುದು 400. ಅರುವತ್ತು ಕಿಲೋಗೆ 3,420 ರೂಪಾಯಿ ಕಡಮೆ. ಆ ಗೂಡು ಬಿಚ್ಚಿ ಎಷ್ಟು ನೂಲಾಯಿತೆಂಬುದು ಬೇರೊಬ್ಬನ ಮನೆಯಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ರೈತನು ಮಾಗಡಿಯ ಬಸ್ಸು ಹತ್ತಿರುತ್ತಾನೆ.