ಕಾರವಾರದ ಕೊಲ್ಲಿ: ಬಂದರಿನ ಯೋಜನೆಗಳೂ ಮೀನುಗಾರರ ಮರಳದಂಡೆಯೂ

ಕಾಳೀನದಿಯ ಅಳಿವೆಯಿಂದ ದಕ್ಷಿಣಕ್ಕೆ ಬಾಗಿರುವ ಕಾರವಾರದ ಕೊಲ್ಲಿಯು ಪ್ರಕೃತಿಯೇ ರಚಿಸಿದ ಬಂದರೆಂದು ಹೆಸರಾದುದು. ತೆಂಕಣ ಅಂಚಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಗುಡ್ಡವು ನೈರುತ್ಯದ ಗಾಳಿಯನ್ನು ತಡೆಯುತ್ತದೆ. ಅದರ ಮರೆಯಲ್ಲಿ ಬೈತಖೋಲವಿದೆ. ಹೊರಗಡೆ ದೇವಗಡ, ಕೂರ್ಮಗಡ ಮೊದಲಾದ ದ್ವೀಪಗಳಿವೆ. ಈ ಗುಣವನ್ನು ಕಂಡವರು ಇಲ್ಲಿ ಮತ್ತೆ ಮತ್ತೆ ದೊಡ್ಡದೊಂದು ರೇವನ್ನು ಕಲ್ಪಿಸಿಕೊಂಡರು. ಆದರೆ ಸುಮಾರು 160 ವರ್ಷಗಳ ಈ ಯೋಜನೆಗಳನ್ನು ಸಾಲಾಗಿಟ್ಟು ನೋಡಿದರೆ ಅವುಗಳಲ್ಲಿ ಬಹುತೇಕವು ಹೊರಗಿನವರ ಸರಕಿಗಾಗಿ ಹುಟ್ಟಿದುವೆಂಬುದು ಗೋಚರವಾಗುತ್ತದೆ. ಆ ಸರಕು ಕೆಲವೊಮ್ಮೆ ಬಂದು ಹೋಯಿತು, ಕೆಲವೊಮ್ಮೆ ಎಣಿಸಿದಷ್ಟು ಬರಲೇ ಇಲ್ಲ. ಎಡೆಬಿಡದೆ ಈ ನೀರನ್ನು ಬಳಸಿದ ಮೀನುಗಾರನು ಲೆಕ್ಕದಲ್ಲಿ ಕಡೆಗೆ ಸೇರಿದವನು.

ಆಂಗ್ಲ ವರ್ತಕರು 1638ರಲ್ಲಿಯೇ ಇಲ್ಲಿ ಕೋಠಿಯನ್ನು ತೆರೆದು ಮೆಣಸನ್ನೂ ಬಟ್ಟೆಯನ್ನೂ ಕೊಂಡೊಯ್ಯುತ್ತಿದ್ದರು. ಆದರೆ ಬಂದರಿನ ನಿರ್ಮಾಣವು ಆಳರಸರ ಚಿಂತೆಯಾದುದು ಹತ್ತಿಯ ದೆಸೆಯಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ತೊಡಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯು ದುರ್ಲಭವಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟವಿಳಿಸಿ ಹತ್ತಿರದ ರೇವಿನಿಂದಲೇ ಹಡಗಿಗೇರಿಸಬೇಕೆಂಬ ಆತುರವು ಬೆಳೆಯಿತು. ಹೊಲಗಳಿದ್ದುದು ಮುಂಬಯಿ ಇಲಾಖೆಯಲ್ಲಿ, ರೇವು ಇದ್ದುದು ಮದರಾಸು ಇಲಾಖೆಯಲ್ಲಿ. ಈ ತೊಡಕನ್ನು ಕಳೆಯಲು 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಒಂದು ರೇವಿನ ಆಸೆಗಾಗಿ ಎಳೆದ ಈ ಗೆರೆಯು ಅಳಿಸಿಹೋಗಲು 1956ರ ರಾಜ್ಯ ಪುನರ್ವಿಂಗಡಣೆಯೇ ಬರಬೇಕಾಯಿತು. ಕನ್ನಡ ಕರಾವಳಿಯ ಇಬ್ಭಾಗದ ಕಥೆಯನ್ನು ಹೇಳುವವರು ಹತ್ತಿಯ ಮೂಟೆಯನ್ನು ಮರೆಯಬಾರದು.

ಫಲವೇನಾಯಿತು? ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿಯ ಯಂತ್ರಗಳನ್ನು ಕಳುಹಿಸಿಕೊಟ್ಟಿತು. ಅವು ಬಂದು ಸೇರಿದಾಗ ಇಳಿಸಲು ಕಟ್ಟೆಯೂ ಸಾಗಿಸಲು ತಕ್ಕ ದಾರಿಯೂ ಸಿದ್ಧವಾಗಿರಲಿಲ್ಲ. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭವು ಬೆಳಗಿತು. ಮರುವರ್ಷವೇ ಯುದ್ಧವು ಮುಗಿದು ಹತ್ತಿಯ ಬೆಲೆಯು ಕುಸಿಯಿತು. 1880ರ ದಶಕದಲ್ಲಿ ರೈಲುಮಾರ್ಗವು ಘಟ್ಟವಿಳಿದು ಗೋವೆಯ ಮಾರ್ಮಗೋವೆಯನ್ನು ಸೇರಿತು, ಕಾರವಾರಕ್ಕೆ ಬರಲಿಲ್ಲ. ಅದರೊಡನೆ ಒಳನಾಡಿನ ಸರಕೂ ಬೇರೆ ದಾರಿ ಹಿಡಿಯಿತು. ಜಿಲ್ಲೆಯ ಮುಖ್ಯಸ್ಥಳವೆಂಬ ಪದವಿ ಮಾತ್ರ ಊರಿಗೆ ಉಳಿಯಿತು.

ಇಷ್ಟರಲ್ಲಿ ದಂಡೆಯ ಮೇಲೆ ಬೇರೊಂದು ಜೀವನವು ಸಾಗಿದ್ದಿತು. ಬಂದರೆಂದರೆ ಆಳವಾದ ನೀರೂ ಕಟ್ಟೆಯೂ ಎಂಬುದು ಎಂಜಿನಿಯರನ ಅರ್ಥ. ಖಾರ್ವಿ, ಹರಿಕಂತ್ರ, ಅಂಬಿಗರಿಗಾದರೋ ಮರಳೇ ಬಂದರು. ರಂಪಣಿ ಬಲೆಯ ಕ್ರಮವನ್ನು ಅರಿತರೆ ಇದು ಸ್ಪಷ್ಟವಾಗುವುದು. ದೊಡ್ಡ ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಬಂಗುಡೆಯ ಹಿಂಡನ್ನು ಸುತ್ತುವರಿಯುವುದು. ಬಳಿಕ ಹತ್ತಾರು ಜನರು ಎರಡು ತುದಿಗಳನ್ನೂ ಹಿಡಿದು ದಡಕ್ಕೆ ಎಳೆಯುವರು. ಬಲೆಯು ಅನೇಕರು ತಂದು ಕೂಡಿಸಿದ ತುಂಡುಗಳ ಜೋಡಣೆ, ಪಾಲೂ ಅದಕ್ಕನುಗುಣವಾದುದು. ಈ ಕೆಲಸಕ್ಕೆ ಉದ್ದವಾದ ತೆರೆದ ಮರಳು ಬೇಕು. ದೋಣಿಯನ್ನೆಳೆದಿಡುವುದೂ ಬಲೆಯನ್ನು ಹೆಣೆಯುವುದೂ ಹೆಂಗಸರು ಮೀನನ್ನು ಒಣಗಿಸುವುದೂ ಅಲ್ಲಿಯೇ. ನಕ್ಷೆಯಲ್ಲಿ ಬರಿದಾಗಿ ಕಾಣುವ ಸ್ಥಳವು ವಾಸ್ತವವಾಗಿ ಕಾರ್ಖಾನೆಯಾಗಿದ್ದಿತು. ಅಣ್ಣನಾದ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥರು ಬಂದು ತಂಗಿ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದರು. ಪಟ್ಟಣದ ದಂಡೆಗೆ ಈಗ ಅವರ ಹೆಸರಿದೆ. ಕವಿಯ ಹೆಸರುಳ್ಳ ಮರಳು ಬಲೆಯ ಮರಳೂ ಹೌದೆಂಬುದು ಪ್ರವಾಸಿಗರಿಗೆ ಹೊಳೆಯುವುದು ಅಪರೂಪ.

ಮೀನನ್ನೇ ಕುರಿತು ಯೋಚಿಸಿದ ಯತ್ನವು ಇಲ್ಲದಿರಲಿಲ್ಲ. 1953ರಲ್ಲಿ ಕೊಲ್ಲಮಿನ ಬಳಿ ತೊಡಗಿದ ಭಾರತ–ನಾರ್ವೆ ಯೋಜನೆಯು 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಆದರೆ ಆ ಯೋಜನೆಯ ದೃಷ್ಟಿಯು ಯಂತ್ರದ ದೋಣಿಯ ಮೇಲಿದ್ದಿತು, ದಂಡೆಯ ಮೇಲಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯು ಕರಾವಳಿಯಲ್ಲಿ ಹರಡಿ, ಬಂಗುಡೆಯ ಹಿಂಡುಗಳನ್ನು ದಡ ಮುಟ್ಟುವ ಮುನ್ನವೇ ಹಿಡಿಯತೊಡಗಿತು, ರಂಪಣಿಯು ಬಡವಾಯಿತು. ಬೈತಖೋಲವು ಯಂತ್ರದೋಣಿಗಳ ನೆಲೆಯಾಯಿತು. ಹೀಗೆ ಮೀನುಗಾರರಲ್ಲಿಯೇ ಕಟ್ಟೆಯವರು, ಮರಳಿನವರು ಎಂಬ ಎರಡು ಪಕ್ಷಗಳುಂಟಾದುವು. ಮೀನುಗಾರಿಕೆಯ ಬಂದರೆಂಬ ಒಂದೇ ಮಾತಿನಲ್ಲಿ ಇಬ್ಬರನ್ನೂ ಅಡಗಿಸುವುದು ಯೋಜಕರಲ್ಲಿ ಕಾಣುವ ಸಾಮಾನ್ಯ ದೋಷವಾಗಿದೆ.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ‘ಸೀಬರ್ಡ್’ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ಅರ್ಗಾ ಮೊದಲಾದ ಗ್ರಾಮಗಳ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ನೆಲೆ ಬಿಡಬೇಕಾಯಿತು. 2005ರಲ್ಲಿ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ದಕ್ಷಿಣದ ದಂಡೆಗಳು ಬೇಲಿಯೊಳಗೆ ಸೇರಿದುದರಿಂದ ಪಟ್ಟಣದೆದುರಿನ ಮರಳಿನ ಬೆಲೆಯು ಇಮ್ಮಡಿಯಾಯಿತು. ವಾಣಿಜ್ಯ ಬಂದರಿನಲ್ಲಿ ಕಬ್ಬಿಣದ ಅದಿರು ಕೆಲಕಾಲ ಹತ್ತಿಯ ಪಾತ್ರವನ್ನು ವಹಿಸಿತು. 2010ರಲ್ಲಿ ರಾಜ್ಯಸರಕಾರವು ಅದಿರಿನ ರಫ್ತನ್ನು ನಿಷೇಧಿಸಿದುದರಿಂದ ಅದೂ ನಿಂತಿತು.

ಅನಂತರ ‘ಸಾಗರಮಾಲಾ’ ಕಾರ್ಯಕ್ರಮದಡಿಯಲ್ಲಿ ವಾಣಿಜ್ಯ ಬಂದರನ್ನು ವಿಸ್ತರಿಸುವ ಯೋಜನೆಯು ಸಿದ್ಧವಾಯಿತು. ಅದರಲ್ಲಿ ಪಟ್ಟಣದ ದಂಡೆಯ ಕಡೆಯಿಂದ ಹೊಸ ಅಲೆತಡೆ ಗೋಡೆಯೊಂದು ಸೇರಿದ್ದಿತು. ಇಂಥ ಗೋಡೆಯು ಅಲೆಯನ್ನು ತಡೆಯುವಂತೆಯೇ ಮರಳಿನ ಚಲನೆಯನ್ನೂ ತಡೆಯುವುದು. ಒಂದೆಡೆ ಮರಳು ತುಂಬಿದರೆ ಇನ್ನೊಂದೆಡೆ ದಂಡೆಯು ಕೊರೆದುಹೋಗುವುದು. 2020ರ ಜನವರಿಯಲ್ಲಿ ಕಾಮಗಾರಿಯು ತೊಡಗಿದಾಗ ಮೀನುಗಾರರು ಬೀದಿಗಿಳಿದರು, ಮೀನಿನ ಪೇಟೆಯು ಮುಚ್ಚಿತು. ಆ ತಿಂಗಳಲ್ಲಿಯೇ ಕರ್ನಾಟಕದ ಉಚ್ಚ ನ್ಯಾಯಾಲಯವು ಕಾಮಗಾರಿಗೆ ತಡೆಯಾಜ್ಞೆಯನ್ನು ನೀಡಿತು. ಬೈತಖೋಲದ ಯಂತ್ರದೋಣಿಯವರೂ ರಂಪಣಿಯವರೂ ಆಗ ಒಂದೇ ಕಡೆ ನಿಂತಿದ್ದರು. ಬಲೆಯ ವಿಷಯದಲ್ಲಿ ದಶಕಗಳ ಕಾಲ ಕಾದಾಡಿದವರು ಮರಳಿನ ವಿಷಯದಲ್ಲಿ ಒಂದಾಗಿದ್ದರು.