ಬೆಸುಗೆ ಶಾಲೆಗೆ ಬಂದ ಬಗೆ

‘ಬೆಸುಗೆ’ ಎಂಬುದು ಕನ್ನಡದ ಹಳೆಯ ಮಾತು. ಮನಸ್ಸುಗಳ ಕೂಡುವಿಕೆಗೆ ಕವಿಗಳು ಅದನ್ನು ಧಾರಾಳವಾಗಿ ಬಳಸಿದ್ದಾರೆ. ಲೋಹವನ್ನು ಕೂಡಿಸಿದ ಕೈಯನ್ನು ಕುರಿತು ಬರೆದವರು ವಿರಳ. ಕನ್ನಡ ಕಲಿಸಿ ನಿವೃತ್ತನಾದ ನಾನು ಶಾಲೆಯ ಎಲೆಕ್ಟ್ರಾನಿಕ್ಸ್ ಕುರಿತು ಮಾತನಾಡಹೊರಟಿರುವುದು ಆ ಕೈಯ ನೆಪದಿಂದ.

ರಾಯಚೂರು ಸೀಮೆಯಲ್ಲಿ ಈ ವಿದ್ಯೆ ಶಾಲೆಗಿಂತ ಮೊದಲು ಬೀದಿಯಲ್ಲಿತ್ತು. ಅಕ್ಕಸಾಲಿಗನು ಬಿಳಿಗಾರ ಬಳಿದು, ಊದುಗೊಳವೆಯಿಂದ ಉರಿಯನ್ನು ಹಾಯಿಸಿ ಒಡವೆಯ ಕೊಂಡಿಯನ್ನು ಬೆಸೆಯುತ್ತಿದ್ದನು. ಕಲಾಯಿಯವನು ಕಾದ ತಾಮ್ರದ ಪಾತ್ರೆಗೆ ನವಸಾಗರದ ಪುಡಿ ಹಾಕಿ, ಬಿಳಿಯ ಹೊಗೆ ಏಳುತ್ತಿರುವಂತೆಯೇ ತವರವನ್ನು ಒರೆಸುತ್ತಿದ್ದನು. ಲೋಹದ ಕಿಲುಬನ್ನು ನವಸಾಗರ ತೆಗೆಯದಿದ್ದರೆ ತವರ ಹಿಡಿಯದು. ರೇಡಿಯೋ ರಿಪೇರಿಯವನು ರಾಳವನ್ನು ಬಳಸುವುದೂ ಇದಕ್ಕಾಗಿಯೇ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ 183ರಲ್ಲಿಯೇ ಕರಗುತ್ತದೆ. ‘ಕಲಾಯಿ’ ಎಂಬ ಪದ ಉರ್ದುವಿನ ಮೂಲಕ ನಮಗೆ ಬಂದದ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಜಿಲ್ಲೆ ಇದು. ಅಂದಿನ ಉರ್ದು ಶಾಲೆಯಾಗಲಿ ಅನಂತರದ ಕನ್ನಡ ಶಾಲೆಯಾಗಲಿ ಕಲಾಯಿಯವನನ್ನು ಗುರುವೆಂದು ಒಳಗೆ ಕರೆಯಲಿಲ್ಲ.

ಕರೆಯಬೇಕೆಂದವರು ಇದ್ದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣವೆಂದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. ಹೆಸರು ಬೆಳೆಯುತ್ತ ಹೋಯಿತು. ನಾನು ಓದಿದ ಶಾಲೆಯಲ್ಲಿ ಆ ಅವಧಿಯೆಂದರೆ ಗಿಡಕ್ಕೆ ನೀರು ಹೊರುವುದು, ಅಂಗಳ ಗುಡಿಸುವುದು. ಪೊರಕೆ ಯಾವ ಕೇರಿಯ ಮಕ್ಕಳ ಕೈಗೆ ಬರುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆ ಬಂದಿತು. 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ನೆರವು. ಸೋಲ್ಡರಿಂಗ್ ಐರನ್ ಪಾಠದ ಸಾಮಗ್ರಿಯಾಯಿತು. ಆದರೆ ಆರಂಭದ ನಿಯಮ 1500 ಚದರಡಿಯ ಜಾಗ ಕೇಳುತ್ತಿತ್ತು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಇಂಥ ಕಡೆ ತರಗತಿಗೇ ಕೋಣೆ ಸಾಲದ ಶಾಲೆಯು ಅಷ್ಟು ಜಾಗವನ್ನು ಎಲ್ಲಿಂದ ತರಬೇಕು? ಸಣ್ಣ ಬೆಸುಗೆಗಾದರೋ ಒಂದು ಮೇಜು, ಒಂದು ಕಿಟಕಿ, 25 ವ್ಯಾಟಿನ ಒಂದು ಐರನ್ ಸಾಕು.

ಮಾನ್ವಿಯೆಂದೊಡನೆ ನಮಗೆ ಜಗನ್ನಾಥದಾಸರ ನೆನಪು. ಅಲ್ಲಿಯ ರೈತನಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೆನಪು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಂದಿತೇ ಎಂಬುದು ಅಲ್ಲಿ ಮನೆಮನೆಯ ಮಾತು. ಆದ್ದರಿಂದ ನೀರಿನ ಮಟ್ಟ ತೋರಿಸುವ ಚಿಕ್ಕ ವಿದ್ಯುನ್ಮಂಡಲವೇ ಅಲ್ಲಿಯ ಮಗುವಿಗೆ ತಕ್ಕ ಮೊದಲ ಪಾಠವೆಂದು ನನಗೆ ತೋರುತ್ತದೆ. 9 ವೋಲ್ಟಿನ ಬ್ಯಾಟರಿ, ಒಂದು ಟ್ರಾನ್ಸಿಸ್ಟರ್, ಎರಡು ರೋಧಕ, ಒಂದು ಎಲ್‌ಇಡಿ ದೀಪ. ಎರಡು ತಂತಿಗಳ ತುದಿಯನ್ನು ನೀರು ಮುಟ್ಟಿದಾಗ ಹರಿಯುವ ಅತ್ಯಲ್ಪ ವಿದ್ಯುತ್ತು ಟ್ರಾನ್ಸಿಸ್ಟರಿನಲ್ಲಿ ದೊಡ್ಡ ಹರಿವಿಗೆ ದಾರಿ ತೆರೆಯುತ್ತದೆ, ದೀಪ ಹತ್ತುತ್ತದೆ. ಹತ್ತದಿದ್ದರೆ ಬೆಸುಗೆಯನ್ನು ನೋಡಬೇಕು. ತವರದ ತಂತಿಯನ್ನು ಐರನ್ನಿನ ತುದಿಗಲ್ಲ, ಕಾದ ಸಂದಿಗೆ ಮುಟ್ಟಿಸಬೇಕು. ಸಂದಿ ಸಾಕಷ್ಟು ಕಾಯದಿದ್ದರೆ ಬೆಸುಗೆ ಮಂಕಾಗಿ, ಒಳಗೆ ಹಿಡಿಯದೆ ನಿಲ್ಲುತ್ತದೆ. ರಿಪೇರಿ ಅಂಗಡಿಯವರು ಇದಕ್ಕೆ ‘ಡ್ರೈ ಸೋಲ್ಡರ್’ ಎನ್ನುತ್ತಾರೆ.

ವಿಜ್ಞಾನ ಪ್ರದರ್ಶನಗಳಿಗೆ ಪೇಟೆಯಿಂದ ಕೊಂಡ ಸಿದ್ಧ ಮಾದರಿಗಳನ್ನೇ ತಂದಿಡುವುದುಂಟು. ತೀರ್ಪುಗಾರರಲ್ಲಿ ನನ್ನದೊಂದು ಬಿನ್ನಹ: ಮಾದರಿಯ ಒಂದು ತಂತಿಯನ್ನು ಬಿಡಿಸಿ, ಹುಡುಗಿಯಾಗಲಿ ಹುಡುಗನಾಗಲಿ, ಎದುರು ನಿಂತ ಮಗುವಿನ ಕೈಗೆ ಐರನ್ ಕೊಡಿ. ಬೆಸೆದಾದ ಮೇಲೆ ಸೋಪಿನಿಂದ ಕೈ ತೊಳೆಯಲು ಹೇಳಿ, ಸೀಸ ವಿಷ.