ಮಕ್ಕಳಿಗೆ ತೋರಿಸಿದ ಮೂರು ಪಟ್ಟಣಗಳು

"ನಮ್ಮ ರಾಜಧಾನಿ ಯಾವುದು?" ಎಂದು ಕಾಸರಗೋಡಿನ ಕನ್ನಡ ಮನೆಯೊಂದರಲ್ಲಿ ಮಗು ಕೇಳಿದರೆ ಮೂರು ಉತ್ತರಗಳು ಬರುವುದುಂಟು. ತೊಂಬತ್ತು ದಾಟಿದ ಅಜ್ಜಿಯ ಬಾಯಲ್ಲಿ ಮೊದಲು ಬರುವ ಹೆಸರು ಮದರಾಸು. ಮಗುವಿನ ಪಾಠಪುಸ್ತಕದಲ್ಲಿರುವುದು ತಿರುವನಂತಪುರ. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಯನ್ನು ದಿನವೂ ಓದುವವರು ಬೆಂಗಳೂರು ಎಂದುಬಿಡುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಗಡಿ ಸರಿದ ನಾಡಿನಲ್ಲಿ ಮನೆ ಇದ್ದಲ್ಲೇ ಇದ್ದರೂ ರಾಜಧಾನಿ ಬದಲಾಗುತ್ತದೆ. ಈ ಬದಲಾವಣೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆಯೋಗಗಳ ವರದಿಗಳಲ್ಲಿ ಹುಡುಕುತ್ತೇವೆ. ನಮ್ಮ ಮನೆಗಳವರು ಮಕ್ಕಳ ಕೈಹಿಡಿದು ಯಾವ ಕಾಲದಲ್ಲಿ ಯಾವ ಪಟ್ಟಣ ನೋಡಲು ಹೋದರು ಎಂಬುದನ್ನು ವಿಚಾರಿಸಿದರೂ ಅದೇ ಚರಿತ್ರೆ ಬೇರೊಂದು ಬಗೆಯಲ್ಲಿ ತಿಳಿಯುತ್ತದೆ. ನಮ್ಮ ಮನೆಯ ಮೂರು ಪ್ರವಾಸಗಳನ್ನು ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಪ್ರಾಂತ ಕಂಪೆನಿಯ ಮದರಾಸು ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ನಾವು ದಕ್ಷಿಣ ಕನ್ನಡದ ಭಾಗವಾಗಿ ಮದರಾಸಿನಲ್ಲೇ ಉಳಿದೆವು. ಆದರೆ ಆ ರಾಜಧಾನಿಯನ್ನು ಕಣ್ಣಾರೆ ಕಂಡವರು ಬಹಳ ಕಾಲ ವಿರಳವಾಗಿದ್ದರು. ಮದರಾಸಿನಿಂದ ಹೊರಟ ರೈಲುದಾರಿ 1862ರಲ್ಲೇ ಬೇಪೂರಿನ ತನಕ ಬಂದಿತ್ತು. ಅಲ್ಲಿಂದ ಮುಂದೆ ಕೋಝಿಕ್ಕೋಡಿಗೆ ಬರಲು 1888 ಆಯಿತು, ಮಂಗಳೂರು ತಲುಪಲು 1907. ಆ ವರ್ಷದ ಮೇಲೆಯೇ ನಮ್ಮವರು ಹೆಂಗಸರು ಮಕ್ಕಳೊಂದಿಗೆ ಕಾಸರಗೋಡಿನಲ್ಲಿ ರೈಲು ಹತ್ತಿ, ಒಂದಿಡೀ ರಾತ್ರಿ ಕಳೆದು, ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರದ ಮದರಾಸಿನಲ್ಲಿ ಇಳಿಯುವಂತಾದದ್ದು.

ನನ್ನ ತಂದೆಯವರು ಮದರಾಸು ನೋಡಿದ್ದು 1939ರಲ್ಲಿ, ಏಳು ವರ್ಷದ ಹುಡುಗನಾಗಿ. ಊರು ನೋಡುವುದಕ್ಕೆಂದೇ ಯಾರೂ ಅಷ್ಟು ದೂರ ಹೋಗುತ್ತಿರಲಿಲ್ಲ. ಅಜ್ಜನಿಗೆ ಹೈಕೋರ್ಟಿನಲ್ಲಿ ಒಂದು ಗದ್ದೆಯ ವ್ಯಾಜ್ಯವಿತ್ತು. ಮೇಲಿನ ಕೋರ್ಟು, ವಿಶ್ವವಿದ್ಯಾನಿಲಯದ ಪದವಿ, ದೊಡ್ಡ ಆಸ್ಪತ್ರೆ, ಇವು ಮೂರೂ ಅಂದು ಮದರಾಸಿನಲ್ಲೇ ಇದ್ದುವಷ್ಟೆ. ಅವಲಕ್ಕಿ, ಉಪ್ಪಿನಕಾಯಿ, ಬಾಳೆಹಣ್ಣಿನ ಗೊನೆ ಕಟ್ಟಿಕೊಂಡು ಹೊರಟರಂತೆ. ಕಿಟಕಿಯಿಂದ ಮುಖ ಹೊರಹಾಕಿದ ಹುಡುಗನ ಕಣ್ಣಿಗೆ ಇಂಜಿನಿನ ಕರಿಹುಡಿ ಬಿದ್ದು, ದಾರಿಯುದ್ದಕ್ಕೂ ಅಜ್ಜಿ ಸೆರಗಿನ ತುದಿಯಿಂದ ಕಣ್ಣು ಒರಸುತ್ತಾ ಬಂದರಂತೆ.

ಮಕ್ಕಳೊಂದಿಗೆ ಬಂದವರಿಗೆ ಮದರಾಸಿನಲ್ಲಿ ಒಂದು ಅನುಕೂಲವಿತ್ತು. 1873ರಲ್ಲಿ ಆದ ಸೆಂಟ್ರಲ್ ಸ್ಟೇಷನಿನ ಪಕ್ಕದಲ್ಲೇ ಪೀಪಲ್ಸ್ ಪಾರ್ಕ್, ಅದರೊಳಗೆ ಮೃಗಾಲಯ, ಹತ್ತಿರವೇ ಮೂರ್ ಮಾರ್ಕೆಟ್. ಎಡ್ವರ್ಡ್ ಬಾಲ್‌ಫರ್ ಎಂಬ ವೈದ್ಯ 1855ರಲ್ಲಿ ಎಗ್ಮೋರಿನ ಮ್ಯೂಸಿಯಮ್ಮಿನ ಅಂಗಳದಲ್ಲಿ ಪ್ರಾಣಿಗಳನ್ನು ಸಾಕತೊಡಗಿದಾಗ ಮೃಗಾಲಯ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಪಾರ್ಕಿಗೆ ಬಂತು. ಹಳ್ಳಿಯಿಂದ ಬಂದ ತಮಿಳರು ಮೃಗಾಲಯವನ್ನು "ಉಯಿರ್ ಕಾಲೇಜು" ಎಂದೂ ಮ್ಯೂಸಿಯಮ್ಮನ್ನು "ಸೆತ್ತ ಕಾಲೇಜು" ಎಂದೂ ಕರೆಯುತ್ತಿದ್ದರು. ಒಂದು ಜೀವವಿದ್ದ ಕಾಲೇಜು, ಇನ್ನೊಂದು ಸತ್ತ ಕಾಲೇಜು! ತಂದೆಯವರು ಎರಡನ್ನೂ ನೋಡಿದರು. 1895ರಲ್ಲಿ ಓಡತೊಡಗಿದ್ದ ಟ್ರಾಮಿನಲ್ಲಿ ಕುಳಿತರು. ಅಜ್ಜ ಕೋರ್ಟಿನ ಒಳಗಿದ್ದಾಗ ಹೊರಗೆ ನಿಂತು, ಕೋರ್ಟಿನ ಗೋಪುರದ ತುದಿಯಲ್ಲಿ ಕಡಲಿನವರಿಗಾಗಿ ದೀಪ ಇಟ್ಟಿರುವುದನ್ನು ಕಂಡು ಬೆರಗಾದರು. ಅವರಿಗೆ ಬರುತ್ತಿದ್ದುದು ಕನ್ನಡದ ಅಕ್ಷರ ಮಾತ್ರ. ತಮಿಳಿನ ಬೋರ್ಡುಗಳು ತಿಳಿಯಲಿಲ್ಲ. ಆದರೆ ಮದರಾಸಿನಲ್ಲಿ ತೆಲುಗು ಬೋರ್ಡುಗಳೂ ಇದ್ದುವು. ಅವನ್ನು ಕೂಡಿಸಿ ಕೂಡಿಸಿ ಓದಿ, "ಇವರು ಕನ್ನಡವನ್ನು ತಪ್ಪು ಬರೆದಿದ್ದಾರೆ" ಎಂದು ಅಜ್ಜನಿಗೆ ದೂರು ಹೇಳಿದರಂತೆ!

ಆ ಪ್ರವಾಸಕ್ಕೆ ಒಂದು ದುಃಖದ ಬಾಲವೂ ಇದೆ. 1942ರ ಏಪ್ರಿಲಿನಲ್ಲಿ ಜಪಾನಿನ ದಾಳಿಯ ಭಯದಿಂದ ಮದರಾಸು ಅರ್ಧ ಬರಿದಾದಾಗ, ಬೋನು ಒಡೆದರೆ ಅಪಾಯವೆಂದು ಮೃಗಾಲಯದ ಹುಲಿ ಸಿಂಹಗಳನ್ನು ಗುಂಡಿಕ್ಕಿ ಕೊಂದರು. ಆ ಕೆಲಸಕ್ಕೆ ಬಂದವರು ಮಲಬಾರ್ ಸ್ಪೆಷಲ್ ಪೊಲೀಸಿನವರು. ತಾನು ಕಂಡಿದ್ದ ಹುಲಿಯೂ ಅದರಲ್ಲಿತ್ತೇ ಎಂದು ತಂದೆಯವರು ಮುದುಕರಾದ ಮೇಲೂ ಕೇಳುತ್ತಿದ್ದರು. ಟ್ರಾಮು 1953ರಲ್ಲಿ ನಿಂತಿತು. ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು. ಅದೇ ವರ್ಷ ಮೃಗಾಲಯ ವಂಡಲೂರಿನಲ್ಲಿ ಹೊಸದಾಗಿ ತೆರೆಯಿತು. 1996ರಲ್ಲಿ ಊರಿನ ಹೆಸರೂ ಚೆನ್ನೈ ಆಯಿತು. ನಮ್ಮ ಅಜ್ಜಿಯರು ಹೇಳುವ ಮದರಾಸು ಈಗ ಅವರ ನೆನಪಿನಲ್ಲಿ ಮಾತ್ರ ಇದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ವರದಿ ಕೊಟ್ಟಿತಾದರೂ ಅದು ಜಾರಿಯಾಗಲಿಲ್ಲ. ಈ ನಡುವಣ ವರ್ಷಗಳಲ್ಲಿ ನಮ್ಮವರು ಮಕ್ಕಳಿಗೆ ತೋರಿಸಲು ಬಯಸಿದ ಪಟ್ಟಣ ಮೈಸೂರು. ಅದರ ಹಿಂದೆ ಕೋರ್ಟಾಗಲಿ ಕಚೇರಿಯಾಗಲಿ ಇರಲಿಲ್ಲ; ಇದ್ದುದು ಮನಸ್ಸಿನ ಒಂದು ಹಟ. ಮಕ್ಕಳು ಒಮ್ಮೆಯಾದರೂ ಕನ್ನಡದ ದೊಡ್ಡ ಪೇಟೆ ನೋಡಲಿ ಎಂಬುದು.

ನಾನು ಕೇರಳದಲ್ಲೇ ಹುಟ್ಟಿದವನು. 1965ರಲ್ಲಿ ಏಳು ವರ್ಷದವನಾಗಿ ಮೈಸೂರಿನ ದಸರೆಗೆ ಹೋದೆ. ಮಂಗಳೂರಿನಿಂದ ಹಾಸನಕ್ಕೆ ರೈಲುದಾರಿ ಆದದ್ದು 1979ರಲ್ಲಿ. ಅಂದು ಬಸ್ಸೇ ಗತಿ. ಸುಳ್ಯ ಕಳೆದು ಸಂಪಾಜೆ ಘಾಟಿ ಹತ್ತುವಾಗ ನನಗೆ ವಾಂತಿಯಾಗಿ, ಅಮ್ಮ ಕೊಟ್ಟ ನಿಂಬೆಹಣ್ಣನ್ನು ಮೂಸುತ್ತಾ ಮಡಿಕೇರಿ ತಲುಪಿದೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ಮಾಡಿಸಿದ ಮೃಗಾಲಯ, ರಾತ್ರಿ ದೀಪ ಹೊತ್ತಿದ ಅರಮನೆ. 1897ರಲ್ಲಿ ಹಳೆಯ ಅರಮನೆ ಸುಟ್ಟುಹೋದ ಮೇಲೆ 1912ಕ್ಕೆ ಮುಗಿದ ಈ ಅರಮನೆಯ ಶಿಲ್ಪಿ ಹೆನ್ರಿ ಇರ್ವಿನ್. ಮದರಾಸಿನ ಹೈಕೋರ್ಟನ್ನು 1892ರಲ್ಲಿ ಪೂರ್ತಿಗೊಳಿಸಿದವನೂ ಆತನೇ. ತಂದೆ ಬೆರಗಾಗಿ ನಿಂತ ಗೋಪುರ, ಮಗ ಬೆರಗಾಗಿ ನಿಂತ ಗೋಪುರ, ಎರಡೂ ಒಬ್ಬನ ಕೈಯವು ಎಂಬುದು ನಮಗಿಬ್ಬರಿಗೂ ಅಂದು ತಿಳಿದಿರಲಿಲ್ಲ.

ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ನಡೆದೆ. ಒಂದೂ ಬಿಡಲಿಲ್ಲ. ಆದರೆ ಊಟದ ಹೋಟೆಲಿನಲ್ಲಿ ಪಕ್ಕದ ಹಿರಿಯರೊಬ್ಬರು ತಂದೆಯೊಡನೆ ಮಾತಿಗಿಳಿದು, ಊರು ಯಾವುದೆಂದು ಕೇಳಿ, "ಕಾಸರಗೋಡೇ? ಅದು ಕೇರಳ ಅಲ್ಲವೇ? ಕನ್ನಡ ಚೆನ್ನಾಗಿಯೇ ಕಲಿತಿದ್ದೀರಿ" ಎಂದರು. ಅವರು ಹೊಗಳಿದ್ದೇ. ತಂದೆಯವರು ಮಾತ್ರ ಮತ್ತೆ ಅನ್ನ ಹಾಕಿಸಿಕೊಳ್ಳಲಿಲ್ಲ. ಈ ಮಾತನ್ನು ಕೇಳದ ಗಡಿನಾಡ ಕನ್ನಡಿಗ ಯಾರಿದ್ದಾರೆ! 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವ ಪಡೆದ ಗೋವಿಂದ ಪೈಗಳು ಬಾಳಿ ಬದುಕಿದ ಮಂಜೇಶ್ವರ ನಮ್ಮದು. ಆದರೂ ಕನ್ನಡವನ್ನು ನಾವು ಬೇರೆಲ್ಲಿಂದಲೋ ಕಲಿತವರಾದೆವು.

ಮೂರನೆಯ ಪಟ್ಟಣ ತಿರುವನಂತಪುರ. ಕಾಸರಗೋಡಿನಿಂದ ಐನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಅಲ್ಲಿಗೆ ನಮ್ಮವರು ಬಹಳ ಕಾಲ ಸೆಕ್ರೆಟೇರಿಯಟ್ಟಿನ ಕೆಲಸಕ್ಕೆ ಒಬ್ಬಂಟಿಯಾಗಿ ಹೋಗಿ, ಕೆಲಸ ಮುಗಿಸಿ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಮರಳುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದು ತೋಚುತ್ತಿರಲಿಲ್ಲ. ಈಗ ಹಾಗಿಲ್ಲ. 2023ರ ಏಪ್ರಿಲಿನಲ್ಲಿ ಆರಂಭವಾದ ವಂದೇ ಭಾರತ್ ರೈಲು ಸುಮಾರು ಎಂಟು ತಾಸಿನಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಕವಿತೆ, ಕನ್ನಡ ಭಾಷಣಗಳ ಜೊತೆಗೆ ಯಕ್ಷಗಾನವೂ ಒಂದು ಸ್ಪರ್ಧೆ. 2025ರ ಜನವರಿಯಲ್ಲಿ ಕಲೋತ್ಸವ ತಿರುವನಂತಪುರದಲ್ಲಿ ನಡೆದಾಗ ನನ್ನ ಹಿರಿಯ ಮೊಮ್ಮಗಳು ವೇಷ ಕಟ್ಟಿದ್ದಳು. ಆರು ವರ್ಷದ ಕಿರಿಯಳನ್ನೂ ಕರೆದುಕೊಂಡು ಮನೆಯವರೆಲ್ಲ ಹೊರಟೆವು.

ಕಿರಿಯಳು ಒಂದನೆಯ ತರಗತಿ, ಕನ್ನಡ ಮಾಧ್ಯಮ. ಮಲಯಾಳ ಆಡಲು ಬರುತ್ತದೆ. ಅಕ್ಷರ ಇನ್ನೂ ಇಲ್ಲ. ಸ್ಟೇಷನಿನ ಬೋರ್ಡಿನ ಮುಂದೆ ನಿಂತವಳು, "ಅಜ್ಜಾ, ಕೊನೆಯದು ನನಗೆ ಗೊತ್ತು, 'ರಂ'" ಎಂದಳು. ನೋಡಿದರೆ ಹೌದು! ಮಲಯಾಳದ 'ರ' ನಮ್ಮ 'ರ'ದಂತೆಯೇ, ಸೊನ್ನೆಯೂ ಸೊನ್ನೆಯೇ. ನನಗೆ ತೆಲುಗು ಬೋರ್ಡು ಓದಿದ ತಂದೆಯ ನೆನಪಾಯಿತು.

ಮೃಗಾಲಯ ನೋಡಿದೆವು. ಪಕ್ಕದ ನೇಪಿಯರ್ ಮ್ಯೂಸಿಯಮ್ಮಿಗೆ ಮದರಾಸಿನ ಗವರ್ನರನ ಹೆಸರು. 1880ರಲ್ಲಿ ಮುಗಿದ ಆ ಕಟ್ಟಡದ ಶಿಲ್ಪಿ ರಾಬರ್ಟ್ ಚಿಸಂ, ಮದರಾಸಿನ ಸೆನೆಟ್ ಹೌಸನ್ನು ಕಟ್ಟಿದವನು. ಅಂತೂ ಮದರಾಸು ನಮ್ಮನ್ನು ಇಲ್ಲಿಯವರೆಗೂ ಬಿಟ್ಟಿರಲಿಲ್ಲ. ಮಧ್ಯಾಹ್ನದ ಮೇಲೆ ಯಕ್ಷಗಾನ. ಪಾರ್ತಿಸುಬ್ಬನ ಕುಂಬಳೆ ಕಡೆಯ ಹುಡುಗಿಯರು ತಿರುವನಂತಪುರದ ರಂಗಸ್ಥಳದಲ್ಲಿ ಕನ್ನಡದಲ್ಲಿ ಅರ್ಥ ಹೇಳುವಾಗ ಸಭೆಯಲ್ಲಿ ಮಾತು ತಿಳಿದವರು ಎಷ್ಟು ಮಂದಿ ಇದ್ದರೋ. ಚೆಂಡೆಗೆ ಮಾತ್ರ ಎಲ್ಲರೂ ತಲೆದೂಗುತ್ತಿದ್ದರು. ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಕಿರಿಯಳನ್ನು ಮಲಯಾಳದಲ್ಲಿ, "ಅವರು ಏನು ಹೇಳುತ್ತಿದ್ದಾರೆ ಮೋಳೇ?" ಎಂದು ಕೇಳಿದರು. ಮಗು ಅವರ ಮೊಣಕಾಲಿಗೆ ಒರಗಿ ನಿಂತು ಕಥೆಯನ್ನೆಲ್ಲ ಮಲಯಾಳದಲ್ಲಿ ಹೇಳಿತು.

ನನಗನ್ನಿಸುವುದು ಇಷ್ಟು. ಮದರಾಸಿಗೂ ಮೈಸೂರಿಗೂ ನಾವು ನೋಡಲು ಹೋದೆವು. ತಿರುವನಂತಪುರಕ್ಕೆ ನಮ್ಮ ಮಕ್ಕಳು ನೋಡಲೂ ಹೋಗಿದ್ದಾರೆ, ತೋರಿಸಲೂ ಹೋಗಿದ್ದಾರೆ. ರಾಜಧಾನಿ ನಮ್ಮದಾಗುವ ದಾರಿಗಳಲ್ಲಿ ಇದೂ ಒಂದು. ಆದರೆ ಆ ಕಥೆ ಹೇಳಲು ಮಗುವಿಗೆ ಮೊದಲು ಕನ್ನಡ ಬರಬೇಕಾಗಿತ್ತು. ಮಲಯಾಳದ ಅಕ್ಷರ ಅವಳು ಕಲಿಯಲಿ, ಸಂತೋಷ. ಅದಕ್ಕಾಗಿ ಕನ್ನಡದ ಶಾಲೆ ಬಿಡಿಸುವ ಅಗತ್ಯ ಇಲ್ಲ. ತೋಟದ ಕೆಲಸದ ನಡುವೆ ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂದು ಪ್ರತಿ ಜೂನ್‌ನಲ್ಲಿ ಚಿಂತಿಸುವ ತಂದೆತಾಯಿಯರು ಇದನ್ನೂ ಒಮ್ಮೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ಮದರಾಸು ನೋಡಿದ ಹಿರಿಯರು ಇನ್ನೂ ಇದ್ದರೆ ಅವರನ್ನು ಮಾತಾಡಿಸಿ ಬರೆದಿಟ್ಟುಕೊಳ್ಳಿ. ನಮ್ಮ ತಂದೆಯವರು ಹೇಳಿದ್ದರಲ್ಲಿ ಅರ್ಧವನ್ನೂ ನಾನು ಬರೆದಿಟ್ಟುಕೊಂಡಿರಲಿಲ್ಲ.